ಇಷ್ಟು ಜಾಣ ಕೋವಿಗಳು ಯಾಕೆ ಉಳಿಯಲಿಲ್ಲ?

ಚಕಮಕಿ:
ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೀತಿದೆ. 1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯದ ಕೈಗೆ ಒಂದು ಗಾಳಿ ಕೋವಿ ಬಂದಿತ್ತು. ಮಾಡಿದವನು ಬಾರ್ಟೊಲೊಮಿಯೊ ಜಿರಾಂಡೋನಿ, ಟಿರೋಲ್ ಕಡೆಯವನು. ಮದ್ದು ಬೇಡ, ಬೆಂಕಿ ಬೇಡ, ಹೊಗೆ ಇಲ್ಲ. ಸುಮಾರು 20 ಗುಂಡುಗಳನ್ನು ಒಂದರ ಹಿಂದೆ ಒಂದು ಹೊಡೆಯಬಹುದಿತ್ತು. ಅದೇ ಕಾಲದಲ್ಲಿ ಉಳಿದ ಸೈನಿಕರು ನಳಿಗೆಗೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ, ಅಂದರೆ ಉದ್ದನೆಯ ಸಲಾಕೆಯಿಂದ, ಜಡಿಯುತ್ತಿದ್ದರು. ನಿಮಿಷಕ್ಕೆ ಮೂರು ಈಡು ಹೊಡೆದರೆ ಭೇಷ್ ಅನ್ನಿಸಿಕೊಳ್ಳುತ್ತಿದ್ದರು.

ಹಾಗಿದ್ದ ಮೇಲೆ ಇಡೀ ಯುರೋಪು ಇದರ ಹಿಂದೆ ಬೀಳಬೇಕಿತ್ತು ಅಲ್ವಾ? ಯಾರೂ ಬೀಳಲಿಲ್ಲ. ಕೆಲವು ದಶಕಗಳಲ್ಲಿ ಆಸ್ಟ್ರಿಯಾದವರೇ ಅದನ್ನು ಮೂಲೆಗೆ ಹಾಕಿದರು.

ಇಂಥ ಕೋವಿಗಳ ಪಟ್ಟಿ ಉದ್ದ ಇದೆ. ನನ್ನ ಅನುಮಾನ ಇಷ್ಟು: ಇವು ಯುದ್ಧದಲ್ಲಿ ಸೋತಿದ್ದು ಕಡಿಮೆ. ಗುಂಡು, ಬಿಡಿಭಾಗ, ರಿಪೇರಿ, ಕಲಿತ ಕೈ ಒದಗಿಸೋಕಾಗದೆ ಸೋತಿದ್ದೇ ಜಾಸ್ತಿ. ಗೊತ್ತಿರುವವರು ಬರೀರಿ. ಒಪ್ಪದವರು ಇನ್ನೂ ಜಾಸ್ತಿ ಬರೀರಿ. ಟಿಪ್ಪು ಜಯಂತಿ ಜಗಳ ಮಾತ್ರ ಇಲ್ಲಿ ಬೇಡ, ದಮ್ಮಯ್ಯ.

ಲೇತ್_ಮಂಜ:
ಚಕಮಕಿ ಸರ್, ನಾನು ಪೀಣ್ಯದಲ್ಲಿ ಲೇತ್ ಓಡಿಸುವವನು. ಕೋವಿ ಮುಟ್ಟಿದವನಲ್ಲ. ಆದರೆ ಒತ್ತಡದ ಸಿಲಿಂಡರ್ ಕೆಲಸ ಗೊತ್ತು. ಅದಕ್ಕೇ ಜಿರಾಂಡೋನಿಯ ನಕ್ಷೆ ನೋಡಿದಾಗ ಮೊದಲು ಕಣ್ಣು ಹೋಗಿದ್ದು ಹಿಂದಿನ ಬಟ್ ಕಡೆಗೆ.

ಭುಜಕ್ಕೆ ಆನಿಸುವ ಆ ಬಟ್ಟೇ ಗಾಳಿಯ ಟ್ಯಾಂಕು. ಕಬ್ಬಿಣದ ತಗಡು ಬಗ್ಗಿಸಿ, ರಿವೆಟ್ ಹೊಡೆದು, ಬೆಸುಗೆ ಹಾಕಿದ ಡಬ್ಬಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 800 ಪೌಂಡ್. ಕಾರಿನ ಟೈರಿಗೆ ನಾವು ಹಾಕಿಸೋದು 32, 33. ವೆಲ್ಡಿಂಗ್ ಇಲ್ಲದ ಕಾಲದಲ್ಲಿ, ಕೈಯಿಂದ ಬಡಿದು ಮಾಡಿದ ಡಬ್ಬಿಯಲ್ಲಿ 800! ಅದು ಒಡೆದರೆ ಸೈನಿಕನ ಕೆನ್ನೆ ಪಕ್ಕದಲ್ಲೇ ಒಡೆಯುತ್ತೆ.

ಗುಂಡು ತುಂಬುವ ವ್ಯವಸ್ಥೆ ಮಾತ್ರ ಎಷ್ಟು ಚೆಂದ ಅಂದರೆ ನೋಡುತ್ತಾ ಕೂರಬಹುದು. ನಳಿಗೆಗೆ ಅಂಟಿಕೊಂಡ ಹಾಗೆ ಪಕ್ಕದಲ್ಲಿ ಒಂದು ಕೊಳವೆ. ಅದರಲ್ಲಿ ಸೀಸದ ಗುಂಡುಗಳು ಸಾಲಾಗಿ ಕೂತಿರುತ್ತವೆ. ಕೋವಿಯ ಮೂತಿ ಮೇಲಕ್ಕೆತ್ತಿದರೆ ಗುಂಡುಗಳು ತಾವಾಗಿಯೇ ಹಿಂದಕ್ಕೆ ಉರುಳುತ್ತವೆ. ಅಡ್ಡಕ್ಕೆ ಜಾರುವ ಒಂದು ಸಣ್ಣ ಬ್ಲಾಕನ್ನು ಒತ್ತಿದರೆ ಅದರ ತೂತಿಗೆ ಒಂದು ಗುಂಡು ಬೀಳುತ್ತೆ. ಬೆರಳು ಬಿಟ್ಟರೆ ಸ್ಪ್ರಿಂಗು ಆ ಬ್ಲಾಕನ್ನು ವಾಪಸ್ ನಳಿಗೆಯ ನೇರಕ್ಕೆ ತರುತ್ತೆ. ಕುದುರೆ, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯಂಥ ಭಾಗ, ಅದನ್ನು ಎಳೆ, ಟ್ರಿಗರ್ ಒತ್ತು. ವಾಲ್ವು ಕ್ಷಣ ಮಾತ್ರ ತೆರೆದು ಒಂದು ಈಡಿಗೆ ಬೇಕಾದಷ್ಟೇ ಗಾಳಿ ಬಿಟ್ಟು ಮುಚ್ಚಿಕೊಳ್ಳುತ್ತೆ. ಆ ವಾಲ್ವು ಕೂರಿಸಿದವನ ಕೈಗೆ ನನ್ನದೊಂದು ನಮಸ್ಕಾರ.

ಈಗ ತೊಂದರೆಗೆ ಬರೋಣ. ಟ್ಯಾಂಕು ತುಂಬಬೇಕಾದರೆ ಕೈ ಪಂಪನ್ನು ಸುಮಾರು 1500 ಸಲ ಒತ್ತಬೇಕು. ಹಾಗೆ ತುಂಬಿಸಿದ ಮೇಲೆ ಸರಿಯಾಗಿ ಹೊಡೆಯೋದು ಸುಮಾರು 30 ಈಡು. ಆಮೇಲೆ ಒತ್ತಡ ಇಳಿದು ಗುಂಡಿನ ಜೋರು ಕಡಿಮೆಯಾಗುತ್ತೆ. ಅದಕ್ಕೇ ಸೈನಿಕನಿಗೆ ಹೆಚ್ಚುವರಿ ಟ್ಯಾಂಕುಗಳನ್ನೂ ಕೊಡುತ್ತಿದ್ದರು. ಗಾಡಿಯ ಮೇಲೆ ಕೂರಿಸಿದ ದೊಡ್ಡ ಪಂಪೂ ಇತ್ತು. ಸೀಲಿಗೆ ಹಾಕಿದ್ದು ತೊಗಲು. ಅದು ಒಣಗಿದರೆ ಗಾಳಿ ಸೋರುತ್ತೆ, ಆದ್ದರಿಂದ ಸದಾ ಒದ್ದೆ ಇಡಬೇಕು. ಇದನ್ನೆಲ್ಲ ಕೆಸರಲ್ಲಿ ನಿಂತ, ಹೊಟ್ಟೆಗೆ ಸರಿಯಾಗಿಲ್ಲದ ಸೈನಿಕನ ಕೈಗೆ ಕೊಟ್ಟರೆ ಏನಾಗುತ್ತೆ ನೀವೇ ಹೇಳಿ.

ಅಡ್ಡಪ್ರಶ್ನೆ:
ಹಾಗಾದರೆ ಪಶ್ಚಿಮದ ನಾಡು ಶೋಧಿಸೋಕೆ ಹೊರಟ ಅಮೆರಿಕದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಅಂಥದ್ದೇ ಗಾಳಿ ಕೋವಿ ಹೊತ್ತುಕೊಂಡು ಕಾಡುಮೇಡು ಸುತ್ತಿ, ಶಾಂತಸಾಗರದ ತನಕ ಹೋಗಿ ವಾಪಸ್ ಬಂತಲ್ಲ? ಅಲ್ಲಿ ಹೇಗೆ ಉಳಿಯಿತು?

ಚಕಮಕಿ:
ಒಳ್ಳೆ ಪ್ರಶ್ನೆ. ಅದು ನನ್ನ ವಾದಕ್ಕೇ ಬಲ ಕೊಡುತ್ತೆ. 1803ರಿಂದ 1806ರ ಆ ಪಯಣದಲ್ಲಿ ಇದ್ದಿದ್ದು ಒಂದೇ ಒಂದು ಗಾಳಿ ಕೋವಿ. ಅದನ್ನು ಯುದ್ಧಕ್ಕೆ ಬಳಸಲಿಲ್ಲ. ದಾರಿಯಲ್ಲಿ ಸಿಕ್ಕ ಮೂಲನಿವಾಸಿ ಪಂಗಡಗಳ ಮುಂದೆ ಹೊಡೆದು ತೋರಿಸುತ್ತಿದ್ದರು. ಹೊಗೆಯಿಲ್ಲದೆ, ಮದ್ದಿಲ್ಲದೆ ಒಂದೇ ಸಮನೆ ಗುಂಡು ಹಾರುವುದನ್ನು ಕಂಡವರಿಗೆ ಈ ತಂಡದ ಹತ್ತಿರ ಇಂಥವು ಎಷ್ಟಿವೆಯೋ ಅನ್ನಿಸಬೇಕು, ಅಷ್ಟೇ. ಕೆಟ್ಟಾಗ ರಿಪೇರಿಗೆ ಜಾನ್ ಶೀಲ್ಡ್ಸ್ ಅನ್ನೋ ಕಮ್ಮಾರ ಜೊತೆಗೇ ಇದ್ದ. ಒಂದು ಕೋವಿಗೆ ಒಬ್ಬ ಕಮ್ಮಾರ ಇದ್ದರೆ ಯಾವ ಕೋವಿಯೂ ಬಾಳುತ್ತೆ ಗುರು.

ಅಂದ ಹಾಗೆ, ಆ ಕೋವಿಯ ಮೊದಲ ಬಲಿ ಹೆಚ್ಚುಕಮ್ಮಿ ಪಿಟ್ಸ್‌ಬರ್ಗ್ ಪಕ್ಕದಲ್ಲೇ ಆಗಿಬಿಡುತ್ತಿತ್ತು. 1803ರ ಆಗಸ್ಟ್ 30, ಪಯಣದ ಆರಂಭದ ದಿನ. ನದಿಯ ನಡುವಿನ ಒಂದು ದ್ವೀಪದಲ್ಲಿ ಲೂಯಿಸ್ ಕೋವಿ ತೋರಿಸಿ ಒಬ್ಬರ ಕೈಗೆ ಕೊಟ್ಟ. ಅವರು ತಿಳಿಯದೆ ಹಾರಿಸಿಬಿಟ್ಟರು. ಸುಮಾರು 40 ಗಜ ದೂರದಲ್ಲಿದ್ದ ಹೆಂಗಸಿನ ಟೋಪಿ ತೂರಿದ ಗುಂಡು ಕಪಾಲ ಸವರಿಕೊಂಡು ಹೋಯಿತು. ಆಕೆ ಕುಸಿದು ಬಿದ್ದಳು, ರಕ್ತ ಸುರಿಯಿತು, ಎಲ್ಲರೂ ಸತ್ತೇ ಹೋದಳು ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡಳು. ಲೂಯಿಸ್ ಇದನ್ನೆಲ್ಲ ತನ್ನ ದಿನಚರಿಯಲ್ಲೇ ಬರೆದಿದ್ದಾನೆ.

ಕಾಫಿಗಿಡ:
ನಮಸ್ಕಾರ. ಮೂಡಿಗೆರೆ ಕಡೆಯವನು ನಾನು. ನೀವು ಯುರೋಪಿನ ಕಥೆ ಹೇಳ್ತಾ ಇದ್ದೀರಿ, ನಮ್ಮ ಮನೆ ಗೋಡೆ ಮೇಲೆ ಅದೇ ಕಥೆ ನೇತಾಡ್ತಾ ಇದೆ ಮಾರಾಯ್ರೆ. ಅಜ್ಜನ ಕಾಲದ ಕೇಪಿನ ಕೋವಿ. ಮೂತಿಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯೋದು. ಹಿಂದೆ ನಿಪ್ಪಲ್ ಮೇಲೆ ತಾಮ್ರದ ಒಂದು ಸಣ್ಣ ಕೇಪು ಕೂರಿಸೋದು. ಕುದುರೆ ಬಿದ್ದು ಕೇಪು ಸಿಡಿದರೆ ಒಳಗಿನ ಮದ್ದಿಗೆ ಬೆಂಕಿ. ಕೋವಿ ಇವತ್ತಿಗೂ ಗಟ್ಟಿಮುಟ್ಟಾಗಿದೆ. ನಳಿಗೆಗೆ ತುಕ್ಕು ಕೂಡ ಇಲ್ಲ.

ಆದರೆ ಕೇಪು ಸಿಗಲ್ಲ. ಅಪ್ಪನ ಕಾಲಕ್ಕೇ ಪೇಟೆಯಲ್ಲಿ ಕೇಪು ಹುಡುಕೋದು ದೊಡ್ಡ ಕೆಲಸ ಆಗಿತ್ತಂತೆ. ಆಮೇಲೆ ತೋಟಾ ಕೋವಿ ಬಂತು. ತೋಟಾ ಅಂದರೆ ಮದ್ದು, ಗುಂಡು ಎಲ್ಲ ಒಂದೇ ಕವಚದಲ್ಲಿ. ಅಂಗಡಿಯಲ್ಲಿ ತೋಟಾ ಸಿಗುತ್ತೆ, ತುಂಬೋದು ಸುಲಭ, ಮಳೆಗೂ ಹೆದರಬೇಕಿಲ್ಲ. ಮುಗೀತು. ಕೇಪಿನ ಕೋವಿಯಲ್ಲಿ ಯಾವ ಐಬೂ ಇಲ್ಲದೆ ಅದು ಗೋಡೆ ಸೇರಿತು. ಈಗ ಅದಕ್ಕಿರೋ ಕೆಲಸ ಅಂದರೆ ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರೋದು.

ಬ್ರಿಸ್ಟಲ್_ಕನ್ನಡಿಗ:
ಮಳೆ ಅಂದಿರಲ್ಲ, ಅದಕ್ಕೇ ನೆನಪಾಯ್ತು. ಲಂಡನ್ನಿನ ಜೇಮ್ಸ್ ಪಕಲ್ ಅನ್ನೋ ವಕೀಲ 1718ರಲ್ಲಿ ಒಂದು ಕೋವಿಗೆ ಪೇಟೆಂಟ್ ತಗೊಂಡ. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲಿಸುವ ದೊಡ್ಡ ಚಕಮಕಿ ಕೋವಿ, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವಂಥದ್ದು. ಹಿಂದೆ ರಿವಾಲ್ವರಿನ ಥರ ತಿರುಗುವ ಸಿಲಿಂಡರ್. ಒಂದು ಈಡು ಹೊಡೆದ ಮೇಲೆ ಹಿಡಿಕೆ ಸಡಿಲಿಸಿ, ಸಿಲಿಂಡರನ್ನು ಕೈಯಿಂದ ಮುಂದಿನ ತೂತಿಗೆ ತಿರುಗಿಸಿ, ಮತ್ತೆ ಬಿಗಿ ಮಾಡಿ ಹೊಡೆಯಬೇಕು. 1722ರಲ್ಲಿ ಜನರ ಮುಂದೆ ಪರೀಕ್ಷೆ ಮಾಡಿದಾಗ ಸುರಿಯುವ ಮಳೆಯಲ್ಲೂ 7 ನಿಮಿಷಕ್ಕೆ 63 ಈಡು ಹೊಡೆಯಿತು. ಆ ಕಾಲಕ್ಕೆ ಇದು ಪವಾಡವೇ.

ಇದರ ಕುಖ್ಯಾತಿ ಬೇರೆ ಕಾರಣಕ್ಕೆ. ಎರಡು ಬಗೆಯ ಗುಂಡು. ಕ್ರೈಸ್ತರಿಗೆ ದುಂಡಗಿನ ಗುಂಡು, ತುರ್ಕರಿಗೆ ಚೌಕ ಗುಂಡು! ಚೌಕ ಗುಂಡಿನ ಗಾಯ ಜಾಸ್ತಿ ನೋಯುತ್ತೆ ಅನ್ನೋ ನಂಬಿಕೆ. ಪೇಟೆಂಟ್ ಹಾಳೆಯಲ್ಲೇ ಇದನ್ನು ಚಿತ್ರ ಸಮೇತ ಅಚ್ಚು ಹಾಕಿಸಿದ್ದ ಪುಣ್ಯಾತ್ಮ.

ಸೈನ್ಯ ಕೊಳ್ಳಲಿಲ್ಲ. ಕೊಂಡವರಲ್ಲಿ ಒಬ್ಬ ಮೊಂಟಾಗು ಡ್ಯೂಕ್. ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪ ಹಿಡಿಯೋಕೆ ಹೊರಟ ತಂಡಕ್ಕೆ ಎರಡು ಕೊಟ್ಟು ಕಳಿಸಿದ. ಪಕಲ್ ಕಂಪನಿ ಮಾಡಿ ಷೇರು ಬೇರೆ ಮಾರಿದ್ದ. ಈ ಕೋವಿಯಿಂದ ಗಾಯವಾಗಿದ್ದು ಷೇರು ಕೊಂಡವರಿಗೆ ಮಾತ್ರ ಅಂತ ಆಗಿನ ಪತ್ರಿಕೆಯವರು ಆಡಿಕೊಂಡರು.

ಲೇತ್_ಮಂಜ:
ಪಕಲ್ ಸೋತಿದ್ದಕ್ಕೆ ನನ್ನ ಲೆಕ್ಕದಲ್ಲಿ ಕಾರಣ ಒಂದೇ. ಸಿಲಿಂಡರಿನ ಪ್ರತಿ ತೂತೂ ನಳಿಗೆಯ ಬಾಯಿಗೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಕೂರಬೇಕು. ಇಲ್ಲದಿದ್ದರೆ ಬೆಂಕಿ ಪಕ್ಕಕ್ಕೆ ಹಾರುತ್ತೆ. 1718ರಲ್ಲಿ ಅದನ್ನು ಒಬ್ಬ ಕುಶಲಕರ್ಮಿ ಅರ ಹಿಡಿದು ಉಜ್ಜಿ ಉಜ್ಜಿ ಒಂದಕ್ಕೆ ಹೊಂದಿಸಬಹುದು. ಸಾವಿರಕ್ಕೆ ಹೊಂದಿಸೋಕಾಗಲ್ಲ. ರಿವಾಲ್ವರ್ ಜನರ ಕೈಗೆ ಬಂದಿದ್ದು ಯಂತ್ರದಲ್ಲಿ ಭಾಗಗಳನ್ನು ಕೊರೆಯೋಕೆ ಶುರುವಾದ ಮೇಲೆ, ಅಮೆರಿಕದ ರಿವಾಲ್ವರ್ ತಯಾರಕ ಕೋಲ್ಟ್ ಕಾಲದಲ್ಲಿ. ಜೊತೆಗೆ ಕಾಫಿಗಿಡದವರು ಹೇಳಿದ ಕೇಪೂ ಅಷ್ಟೊತ್ತಿಗೆ ಬಂದಿತ್ತು.

ಅಡ್ಡಪ್ರಶ್ನೆ:
ಎಲ್ಲದಕ್ಕೂ ಸರಬರಾಜು, ತಯಾರಿ ಅಂತೀರಲ್ಲ. ಕೆಲವು ಕೋವಿಗಳು ಹುಟ್ಟಾ ದಡ್ಡ ಕೋವಿಗಳೇ. ಇಂಗ್ಲೆಂಡಿನ ನೌಕಾಪಡೆಗೆ 1779ರಲ್ಲಿ ಹೆನ್ರಿ ನಾಕ್ ಮಾಡಿಕೊಟ್ಟ ಏಳು ನಳಿಗೆಯ ಕೋವಿ ನೋಡಿ. ನಡುವೆ ಒಂದು, ಸುತ್ತ ಆರು. ಟ್ರಿಗರ್ ಒತ್ತಿದರೆ ಏಳೂ ಒಟ್ಟಿಗೆ ಢಮಾರ್. ಹೊಡೆದವನ ಭುಜದ ಗತಿ ಏನು? ಹಡಗಿನ ಕೂವೆಕಂಬ ಹತ್ತಿ ಅಲ್ಲಿಂದ ಶತ್ರು ಹಡಗಿನ ಅಟ್ಟದ ಮೇಲೆ ಹೊಡೆಯೋಕೆ ಇದನ್ನು ಮಾಡಿಸಿದ್ದು. ಭುಜ ಮುರಿಯೋ ಭಯ ಒಂದು ಕಡೆ. ಏಳು ನಳಿಗೆಯ ಕಿಡಿಗೆ ತಮ್ಮದೇ ಹಾಯಿ, ಹಗ್ಗ ಹೊತ್ತಿಕೊಳ್ಳುವ ಭಯ ಇನ್ನೊಂದು ಕಡೆ. ಇದಕ್ಕೆ ಯಾವ ಸರಬರಾಜು ತಂದರೂ ಉಪಯೋಗ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಮಾಡಿದ ಬಾಗಿದ ನಳಿಗೆಯೂ ಅದೇ ಜಾತಿ. ಮೂಲೆಯ ಆಚೆ ಇರೋರನ್ನು ಹೊಡೆಯೋಕೆ ರೈಫಲಿನ ತುದಿಗೆ 30 ಡಿಗ್ರಿ ಬಾಗಿದ ಕೊಳವೆ, ನೋಡೋಕೆ ಕನ್ನಡಿ. ಗುಂಡು ಬಾಗಿಲ್ಲ ಅಂದರೆ ಚೂರಾಗುತ್ತೆ. ಸುಮಾರು 300 ಈಡಿಗೆ ಕೊಳವೆಯೇ ಸವೆದು ಕಸ.

ಚಕಮಕಿ:
ನಾಕ್ ವಿಷಯ ಒಪ್ಪಿದೆ. ಅದು ಬಳಸುವವನಿಗೇ ಬೇಡವಾದ ಕೋವಿ.

ಹಳೇ_ಮೈಸೂರು:
ಜಗಳ ಬೇಡ ಅಂದಿದ್ದೀರಿ, ಕೋವಿ ಬಗ್ಗೆ ಮಾತ್ರ ಹೇಳ್ತೀನಿ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪುವಿಗಾಗಿ ಮಾಡಿದ ಸ್ವಂತ ಕೋವಿಗಳು ಈಗ ಹೆಚ್ಚಾಗಿ ಇಂಗ್ಲೆಂಡಿನಲ್ಲಿವೆ. 1799ರ ಲೂಟಿಯಲ್ಲಿ ಹೋದವು. ಹುಲಿಪಟ್ಟೆಯ ಗುರುತು, ಬೆಳ್ಳಿಯ ಕೆತ್ತನೆ, ಅಲ್ಲಲ್ಲಿ ಹುಲಿಯ ಮುಖ. ಅವುಗಳಲ್ಲಿ ಒಂದು ಬಗೆ ಈ ಚರ್ಚೆಗೆ ಸರಿಯಾಗಿ ಕೂರುತ್ತೆ. ಒಂದೇ ನಳಿಗೆಯಲ್ಲಿ ಎರಡು ಈಡು! ಮದ್ದು, ಗುಂಡು, ಅದರ ಮುಂದೆ ಮತ್ತೆ ಮದ್ದು, ಗುಂಡು. ಮೊದಲು ಮುಂದಿನದಕ್ಕೆ ಬೆಂಕಿ, ಆಮೇಲೆ ಹಿಂದಿನದಕ್ಕೆ. ಜೋಡು ನಳಿಗೆಯ ಭಾರ ಇಲ್ಲ, ಈಡು ಎರಡು. ಯುರೋಪಿನಲ್ಲೂ ಈ ಉಪಾಯ ಇತ್ತು.

ಅಪಾಯ ಎಲ್ಲಿ ಅಂದರೆ, ನಡುವಿನ ಗುಂಡು ನಳಿಗೆಗೆ ಬಿಗಿಯಾಗಿ ಕೂತಿರಬೇಕು. ಸಂದು ಸಿಕ್ಕಿದರೆ ಮುಂದಿನ ಬೆಂಕಿ ಹಿಂದಕ್ಕೆ ನುಗ್ಗಿ ಎರಡೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅರಸನ ಕೋವಿಯನ್ನು ತುಂಬೋಕೆ ನುರಿತ ಆಳುಗಳಿರುತ್ತಾರೆ. ಸಾಮಾನ್ಯ ಸಿಪಾಯಿ ಗಡಿಬಿಡಿಯಲ್ಲಿ ತುಂಬಿದರೆ? ಹಾಗಾಗಿ ಅದು ಶಿಕಾರಿ ಕೋವಿಯಾಗಿಯೇ ಉಳಿಯಿತು.

ಮೈಸೂರಿನ ಸೈನ್ಯಕ್ಕೆ ಸಾವಿರಗಟ್ಟಲೆ ಕೊಟ್ಟ ವಿಚಿತ್ರ ಆಯುಧ ಅಂದರೆ ರಾಕೆಟ್ಟು. ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಉದ್ದದ ಬಿದಿರಿಗೆ ಕಟ್ಟಿ ಹಾರಿಸೋದು. ಬೇರೆಯವರದ್ದು ಕಾಗದದ ಕೊಳವೆ. ಕಬ್ಬಿಣವಾದ್ದರಿಂದ ಒಳಗೆ ಜಾಸ್ತಿ ಒತ್ತಡ ತಡೆಯುತ್ತಿತ್ತು, ಒಂದು ಮೈಲಿ ಆಚೆಗೂ ಹೋಗುತ್ತಿತ್ತು. ಗುರಿ ಅಷ್ಟಕ್ಕಷ್ಟೇ. ಆದರೆ ಕಮ್ಮಾರರು ಮಾಡಬಹುದಾದ ವಸ್ತು, ಒಬ್ಬನೇ ಹೊತ್ತೊಯ್ಯಬಹುದು, ಕೆಟ್ಟರೆ ರಿಪೇರಿ ಅನ್ನೋದೇ ಇಲ್ಲ. ಚಕಮಕಿಯವರ ವಾದಕ್ಕೆ ಇದು ತಿರುಗುಮುರುಗು ಸಾಕ್ಷಿ.

ಲೇತ್_ಮಂಜ:
ಅಣ್ಣಾ, ನೀವು ರಾಕೆಟ್ಟು ಅಂದ ತಕ್ಷಣ ನನ್ನ ಸರದಿ ಬಂತು. ಕೋವಿಯಿಂದ ರಾಕೆಟ್ಟನ್ನೇ ಹೊಡೆದವರಿದ್ದಾರೆ. ಜೈರೋಜೆಟ್. 1960ರ ದಶಕ, ಕ್ಯಾಲಿಫೋರ್ನಿಯಾ. ಎಂಬಿ ಅಸೋಸಿಯೇಟ್ಸ್ ಅನ್ನೋ ಕಂಪನಿ, ರಾಬರ್ಟ್ ಮೈನ್‌ಹಾರ್ಟ್ ಮತ್ತು ಆರ್ಟ್ ಬೀಲ್ ಅದರ ಮಾಲೀಕರು.

ಗುಂಡೇ ಒಂದು ರಾಕೆಟ್ಟು. 13 ಮಿಲಿಮೀಟರ್ ದಪ್ಪ. ಒಳಗೆ ಇಂಧನ, ತಳದಲ್ಲಿ ನಾಲ್ಕು ಸಣ್ಣ ತೂತು. ತೂತುಗಳು ನೇರ ಇಲ್ಲ, ಸ್ವಲ್ಪ ಓರೆ. ಹೊಗೆ ಓರೆಯಾಗಿ ಹೊರಬರುವಾಗ ಗುಂಡು ಬುಗುರಿಯಂತೆ ತಿರುಗುತ್ತಾ ಹೋಗುತ್ತೆ. ಪಿಸ್ತೂಲಿನ ನಳಿಗೆಯಲ್ಲಿ ಒತ್ತಡವೇ ಇಲ್ಲದ ಕಾರಣ ಅದನ್ನು ಹಗುರ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದರು. ಪಕ್ಕದಲ್ಲಿ ಹೊಗೆ ಹೋಗೋಕೆ ಸಾಲು ತೂತು. ಒದೆತ ಇಲ್ಲವೇ ಇಲ್ಲ ಅನ್ನಬಹುದು.

ಅದರ ಕುದುರೆಯ ಕೆಲಸ ನೋಡಬೇಕು. ಎಲ್ಲ ಕೋವಿಯಲ್ಲೂ ಕುದುರೆ ಹಿಂದಿನಿಂದ ಹೊಡೆಯುತ್ತೆ. ಇಲ್ಲಿ ಮುಂದಿನಿಂದ! ಗುಂಡಿನ ಮೂಗಿಗೆ ಹೊಡೆದು ಹಿಂದಕ್ಕೆ ತಳ್ಳುತ್ತೆ. ಹಿಂದೆ ಗಟ್ಟಿಯಾಗಿ ನಿಂತಿರೋ ಮೊಳೆಗೆ ಗುಂಡಿನ ತಳ ತಾಗಿ ಬೆಂಕಿ ಹತ್ತುತ್ತೆ. ಗುಂಡು ಮುಂದಕ್ಕೆ ಹೊರಡುವಾಗ ಅದೇ ಕುದುರೆಯನ್ನು ತುಳಿದು ಮಡಚಿ, ಮುಂದಿನ ಈಡಿಗೆ ಸಜ್ಜು ಮಾಡಿ ಹೋಗುತ್ತೆ. ಬಿಡಿಭಾಗ ಎಷ್ಟು ಕಡಿಮೆ ನೋಡಿ. ಇಷ್ಟು ಸರಳ ಯಂತ್ರ ನಾನು ನೋಡಿದ್ದು ಅಪರೂಪ.

ಎಡವಿದ್ದು ಗುಂಡಿನಲ್ಲಿ. ಮಾಮೂಲಿ ಗುಂಡು ನಳಿಗೆ ಬಿಡುವಾಗ ಪೂರ್ತಿ ವೇಗದಲ್ಲಿರುತ್ತೆ. ಇದು ನಳಿಗೆ ಬಿಡುವಾಗ ತೆವಳುತ್ತಿರುತ್ತೆ, ವೇಗ ಬರೋದು ಹತ್ತಾರು ಅಡಿ ಮುಂದೆ ಹೋದ ಮೇಲೆ. ಅಂದರೆ ಪಿಸ್ತೂಲು ಬೇಕಾಗುವಷ್ಟು ಹತ್ತಿರದಲ್ಲಿ ಜೋರಿಲ್ಲ, ಜೋರು ಬರುವಷ್ಟು ದೂರದಲ್ಲಿ ಗುರಿಯಿಲ್ಲ. ಆ ನಾಲ್ಕು ತೂತಿನಲ್ಲಿ ಒಂದು ಚೂರು ಹೆಚ್ಚುಕಮ್ಮಿ ಆದರೂ ಗುಂಡು ದಾರಿ ತಪ್ಪುತ್ತೆ. ಪ್ರತಿ ಗುಂಡಿನಲ್ಲೂ ಅಂಥ ತೂತು ಕೊರೆಯಬೇಕು ಅಂದರೆ ಒಂದೊಂದರ ಬೆಲೆ ಎಷ್ಟಾಗಬಹುದು? ಕೋವಿಯಲ್ಲಿ ಉಳಿಸಿದ ದುಡ್ಡು, ಶ್ರಮ ಎರಡನ್ನೂ ಗುಂಡಿಗೆ ಸುರಿದರು. ಕೋವಿ ಕೊಳ್ಳೋದು ಒಂದು ಸಲ, ಗುಂಡು ಕೊಳ್ಳೋದು ಜೀವನ ಪೂರ್ತಿ. ಮೇಲಿಂದ 1968ರಲ್ಲಿ ಅರ್ಧ ಇಂಚಿಗಿಂತ ದಪ್ಪದ ನಳಿಗೆಗಳ ಮೇಲೆ ಅಮೆರಿಕದಲ್ಲಿ ಹೊಸ ಕಾನೂನು ಬಂತು. 13 ಮಿಮೀ ಅದರ ಬಲೆಗೆ ಬಿತ್ತು. 12ಕ್ಕೆ ಇಳಿಸಿದರು, ಅಷ್ಟೊತ್ತಿಗೆ ಕೊಳ್ಳುವವರೇ ಇರಲಿಲ್ಲ.

ಹಳೇ_ಮೈಸೂರು:
ಮಂಜ, ಆ ಓರೆ ತೂತಿಗೆ ಒಂದು ವಂಶಾವಳಿ ಇದೆ. ಮೈಸೂರಿನ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ವಿಲಿಯಂ ಕಾಂಗ್ರೀವ್ ಅದರ ಮೇಲೆ ಕೆಲಸ ಮಾಡಿ ತನ್ನದೇ ರಾಕೆಟ್ಟು ತಂದ. ಅದಕ್ಕೂ ಉದ್ದನೆಯ ಕೋಲು ಬೇಕಿತ್ತು. 1844ರಲ್ಲಿ ವಿಲಿಯಂ ಹೇಲ್ ಅನ್ನುವವನು ಹೊಗೆಯನ್ನು ಓರೆಯಾಗಿ ಬಿಟ್ಟು ರಾಕೆಟ್ಟನ್ನೇ ತಿರುಗಿಸಿ ಕೋಲು ಕಿತ್ತುಹಾಕಿದ. ನೀನು ಹೇಳಿದ ಜೈರೋಜೆಟ್ಟಿನ ಗುಂಡು ತಿರುಗೋದೂ ಅದೇ ಉಪಾಯದಿಂದ.

ಲೇತ್_ಮಂಜ:
ಓ! ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಣ್ಣಾ.

ಅಡ್ಡಪ್ರಶ್ನೆ:
ಇನ್ನೊಂದು ಹಾಕ್ತೀನಿ, ಇದಕ್ಕೆ ಉತ್ತರ ಕೊಡಿ. ಜರ್ಮನಿಯ ಜಿ11. ಹೆಕ್ಲರ್ ಆಂಡ್ ಕಾಖ್ ಕಂಪನಿಯದ್ದು. ತೋಟಾಕ್ಕೆ ಹಿತ್ತಾಳೆ ಕವಚವೇ ಇಲ್ಲ. ಮದ್ದನ್ನೇ ಗಟ್ಟಿ ಇಟ್ಟಿಗೆಯ ಹಾಗೆ ಮಾಡಿ ಅದರೊಳಗೆ ಗುಂಡು ಹುದುಗಿಸಿದ್ದರು. ನಳಿಗೆಯ ಮೇಲೆ ಉದ್ದಕ್ಕೆ 50 ಗುಂಡು, ಎಲ್ಲವೂ ನೆಲ ನೋಡಿಕೊಂಡು. ಒಳಗೊಂದು ಗುಂಡುಕಲ್ಲಿನಂಥ ಚೇಂಬರ್ ತಿರುಗಿ ಒಂದೊಂದನ್ನೇ ನೇರ ಮಾಡುತ್ತೆ. ಮೂರು ಈಡು ಎಷ್ಟು ಬೇಗ ಹೋಗುತ್ತೆ ಅಂದರೆ, ಒದೆತ ಭುಜಕ್ಕೆ ತಿಳಿಯುವ ಮುಂಚೆ ಮೂರೂ ಹೊರಗೆ. ಅದು ಕೆಲಸ ಮಾಡಿತು, ಪರೀಕ್ಷೆ ಪಾಸಾಯಿತು. ಆದರೆ 1990ರಲ್ಲಿ ಎರಡು ಜರ್ಮನಿ ಒಂದಾದವು. ಎದುರಾಳಿ ಮಾಯ, ದುಡ್ಡೂ ಮಾಯ. ಕೋವಿ ಕಪಾಟು ಸೇರಿತು. ಇದು ರಾಜಕೀಯ, ಗುಂಡಿನ ಸರಬರಾಜಲ್ಲ.

ಲೇತ್_ಮಂಜ:
ಅರ್ಧ ಸರಿ. ಹಿತ್ತಾಳೆ ಕವಚ ಮೂರು ಕೆಲಸ ಮಾಡುತ್ತೆ. ಮದ್ದನ್ನು ಹಿಡಿದಿಡುತ್ತೆ, ಉಬ್ಬಿ ಚೇಂಬರಿಗೆ ಸೀಲು ಹಾಕುತ್ತೆ, ಹೊರಗೆ ಬೀಳುವಾಗ ಬಿಸಿಯನ್ನೂ ಹೊತ್ತೊಯ್ಯುತ್ತೆ. ಕವಚ ತೆಗೆದರೆ ಬಿಸಿ ಒಳಗೇ ಉಳಿಯುತ್ತೆ. ಜಿ11ರ ಆರಂಭದ ಗುಂಡುಗಳು ಕಾದ ಚೇಂಬರಿನಲ್ಲಿ ಟ್ರಿಗರ್ ಒತ್ತದೆಯೇ ಸಿಡಿಯುತ್ತಿದ್ದವು. ಡೈನಮಿಟ್ ನೋಬೆಲ್ ಕಂಪನಿ ಬೇಗ ಹೊತ್ತಿಕೊಳ್ಳದ ಹೊಸ ಮದ್ದು ಹುಡುಕುವ ತನಕ ವರ್ಷಗಳು ಹೋದವು. ಆ ವರ್ಷಗಳು ಹೋಗದಿದ್ದರೆ 1990ಕ್ಕಿಂತ ಮೊದಲೇ ಸೈನ್ಯದ ಕೈ ಸೇರುತ್ತಿತ್ತೋ ಏನೋ. ಜೊತೆಗೆ ನ್ಯಾಟೋದ ಉಳಿದ ದೇಶಗಳೆಲ್ಲ ಒಂದೇ ಅಳತೆಯ ತೋಟಾ ಬಳಸುವಾಗ ಇವರೊಬ್ಬರದ್ದು ಬೇರೆ ಗುಂಡು. ರಾಜಕೀಯ ಬಾಗಿಲು ಮುಚ್ಚಿತು ನಿಜ. ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲಿಸಿದ್ದು ಗುಂಡು.

ಚಕಮಕಿ:
ಮಂಜ, ನನಗಿಂತ ಚೆನ್ನಾಗಿ ನನ್ನ ವಾದ ಮಾಡ್ತಿದ್ದೀಯ.

ಹಾಗಂತ ಅಡ್ಡಪ್ರಶ್ನೆಯವರಿಗೆ ಒಂದು ಅಸ್ತ್ರ ನಾನೇ ಕೊಡ್ತೀನಿ. 1942ರಲ್ಲಿ ಅಮೆರಿಕದವರು ಲಿಬರೇಟರ್ ಅನ್ನೋ ಪಿಸ್ತೂಲು ಮಾಡಿದರು. ಜನರಲ್ ಮೋಟರ್ಸಿನ ಗೈಡ್ ಲ್ಯಾಂಪ್ ವಿಭಾಗ, ಅಂದರೆ ಕಾರಿನ ದೀಪ ಮಾಡುವವರು, ತಗಡು ಒತ್ತಿ ಕೆಲವೇ ತಿಂಗಳಲ್ಲಿ ಸುಮಾರು 10 ಲಕ್ಷ ಮಾಡಿ ಎಸೆದರು. ಬಿಡಿಭಾಗ 23. ಒಂದು ಸಲಕ್ಕೆ ಒಂದೇ ಈಡು. ಗುಂಡನ್ನು ತಿರುಗಿಸಿ ನೇರ ಕಳಿಸುವ ಗೀರುಗಳು ಕೂಡ ನಳಿಗೆಯೊಳಗೆ ಇಲ್ಲ. ಖಾಲಿ ತೋಟಾವನ್ನು ಕಡ್ಡಿಯಿಂದ ತಳ್ಳಿ ತೆಗೀಬೇಕು. ಡಬ್ಬಿಯಲ್ಲಿ 10 ಗುಂಡು, ಒಂದು ಕಟ್ಟಿಗೆ ಕಡ್ಡಿ, ಜೊತೆಗೆ ಅಕ್ಷರವೇ ಇಲ್ಲದ ಚಿತ್ರಗಳ ಹಾಳೆ. ಯಾವ ಭಾಷೆಯವನಿಗಾದರೂ ಅರ್ಥವಾಗಲಿ ಅಂತ. ಶತ್ರು ಹಿಡಿದ ನಾಡಿನ ಜನರಿಗೆ ಹಂಚೋದು, ಅವರು ಅದರಿಂದ ಒಬ್ಬ ಸೈನಿಕನನ್ನು ಹೊಡೆದು ಅವನ ಒಳ್ಳೆ ಕೋವಿ ಕಿತ್ತುಕೊಳ್ಳೋದು. ಅದು ಯೋಜನೆ.

ಗುಂಡು ಅಮೆರಿಕದ ಸೈನ್ಯದ ಮಾಮೂಲಿ .45 ಇಂಚಿನದು. ರಿಪೇರಿ ಬೇಕಿಲ್ಲ, ತರಬೇತಿ ಬೇಕಿಲ್ಲ. ನನ್ನ ಲೆಕ್ಕದ ಪ್ರಕಾರ ಗೆಲ್ಲಬೇಕಿತ್ತು. ಆದರೆ ಸೇನಾಧಿಕಾರಿಗಳಿಗೆ ಇದರ ಮೇಲೆ ನಂಬಿಕೆಯೇ ಬರಲಿಲ್ಲ. ಹಂಚಿದ್ದು ಸ್ವಲ್ಪ, ಯುದ್ಧ ಮುಗಿದ ಮೇಲೆ ರಾಶಿಗಟ್ಟಲೆ ನಾಶ ಮಾಡಿದರು. ಹಾಗಾಗಿ ಸರಬರಾಜು ಸುಲಭ ಇದ್ದರೂ ಬೇಕು ಅನ್ನುವವರು ಯಾರಾದರೂ ಇರಲೇಬೇಕು.

ಅಡ್ಡಪ್ರಶ್ನೆ:
ಅಲ್ಲಿಗೆ ಬಂದ್ರಾ! ಅದನ್ನೇ ನಾನು ಮೊದಲಿಂದ ಹೇಳ್ತಿರೋದು.

ಕಾಫಿಗಿಡ:
ನೀವಿಬ್ಬರೂ ಹೊಡೆದಾಡ್ತಾ ಇರಿ. ನನಗೆ ಒಂದು ಕೇಳಬೇಕು. ಮೈಸೂರಿನ ರಾಕೆಟ್ಟು ನಮ್ಮ ಕಡೆ ಎಲ್ಲಾದರೂ ಕಣ್ಣಾರೆ ನೋಡೋಕೆ ಸಿಗುತ್ತಾ? ಇಂಗ್ಲೆಂಡಿಗೆ ಹೋಗೋಕೆ ನನಗಾಗಲ್ಲ, ಮಗನಿಗೆ ತೋರಿಸಬೇಕಿತ್ತು.

ಹಳೇ_ಮೈಸೂರು:
ಸಿಗುತ್ತೆ. ನಿಮಗೆ ಹತ್ತಿರವೇ. ಹೊಸನಗರ ತಾಲೂಕಿನ ನಗರದಲ್ಲಿ ಒಂದು ಹಳೇ ಬಾವಿಯ ಹೂಳೆತ್ತುವಾಗ 2018ರಲ್ಲಿ ಸಾವಿರದಷ್ಟು ರಾಕೆಟ್ಟು ಸಿಕ್ಕವು. ಮಣ್ಣಲ್ಲಿ ಮದ್ದಿನ ವಾಸನೆ ಬಂದು ಅಗೆದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿಸಿದರು. ಬಿದಿರು ಇರೋದಿಲ್ಲ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಮಾತ್ರ. ಮಗನಿಗೆ ಕೊಳವೆಯ ಹಿಂಬದಿ ತೋರಿಸಿ, ಹೊಗೆ ಬರುವ ತೂತು ಅಲ್ಲೇ ಇರುತ್ತೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಂಡು ಹೋಗಿ. ಸರ್ಕಾರಿ ಮ್ಯೂಸಿಯಮ್ ಅಲ್ವಾ, ರಜೆಗಳು ಜಾಸ್ತಿ.